ಪಾವಟಿಗೆ ಬಾವಿಯೂ ನಾರುಹುಣ್ಣೂ: ವಿಜಾಪುರ ಸೀಮೆಯ ಜಲಚರಿತ್ರೆಯ ಒಂದು ಅಧ್ಯಾಯ

ನಾಡಿನ ಇತಿಹಾಸವನ್ನು ಬರೆಯುವಾಗ ಅರಸುಮನೆತನಗಳಿಗೂ ಕಾಳಗಗಳಿಗೂ ಸಲ್ಲುವ ಗಮನವು, ಜನರು ನಿತ್ಯವೂ ಇಳಿದು ಹತ್ತಿದ ಬಾವಿಯ ಪಾವಟಿಗೆಗಳಿಗೆ ಸಲ್ಲುವುದು ವಿರಳ. ಹಲವರು ಬರಿಗಾಲಿನಲ್ಲಿ ಕೂಡುವ ನೀರಿನ ತಾಣದಲ್ಲಿ ಕಾಲಿನ ಬೇನೆ ಹೇಗೆ ಹರಡುತ್ತದೆ, ಅದನ್ನು ತಡೆಯುವ ಹೊಣೆ ಯಾರದು ಎಂಬ ಪ್ರಶ್ನೆಯು ಇಂದಿನ ಈಜುಗೊಳಗಳೊಡನೆ ಹುಟ್ಟಿದುದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನು ಒಳಗೊಂಡ ವಿಜಾಪುರ ಜಿಲ್ಲೆಯು ನಾರುಹುಣ್ಣಿನ ರೂಪದಲ್ಲಿ ಅದನ್ನು ಬಹುಕಾಲ ಎದುರಿಸಿತು. ಆ ಅನುಭವವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಭೂಸ್ಥಿತಿಯನ್ನು ನೋಡೋಣ. ಇಂಡಿ, ಸಿಂದಗಿಗಳ ಉತ್ತರದಂಚಿನಲ್ಲಿ ಭೀಮೆಯೂ, ಬಾಗೇವಾಡಿ, ಮುದ್ದೇಬಿಹಾಳಗಳ ದಕ್ಷಿಣದಂಚಿನಲ್ಲಿ ಕೃಷ್ಣೆಯೂ ಹರಿಯುತ್ತವೆ. ನಡುವಣ ಡೋಣಿಯ ಎರೆಭೂಮಿಯು ಬಿಳಿಜೋಳಕ್ಕೆ ಹೆಸರಾದುದು. ಆದರೆ ಆ ಹೊಳೆಯ ನೀರು ಉಪ್ಪು. ವರ್ಷದ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ನದಿಗಳಿಂದ ದೂರವಾದ ಹಳ್ಳಿಗಳಿಗೆ ಬಾವಿಯೇ ಜೀವಾಧಾರ. ಬೇಸಗೆಯಲ್ಲಿ ನೀರಿನ ಮಟ್ಟ ಇಳಿದಂತೆಲ್ಲ ಅದನ್ನು ಹಿಂಬಾಲಿಸಿ ಇಳಿಯಲು ಪಾವಟಿಗೆಗಳು ಅನುವು ಮಾಡಿಕೊಡುತ್ತಿದ್ದವು. ವಿಜಾಪುರ ನಗರದಲ್ಲಿ 1620ರಲ್ಲಿ ಕಟ್ಟಲಾದ ತಾಜ್ ಬಾವಡಿಯು ಈ ರಚನೆಯ ರಾಜವೈಭವದ ರೂಪ. ಹಳ್ಳಿಯ ಬಾವಿಗಳು ಅದೇ ಕಲ್ಪನೆಯ ಸರಳ ರೂಪಗಳು. ಕೊಡ ತುಂಬುವವರು ಕೊನೆಯ ಮೆಟ್ಟಿಲಿನಲ್ಲಿ, ನೀರೊಳಗೆ ಕಾಲಿಟ್ಟು ನಿಲ್ಲುತ್ತಿದ್ದರು. ಬರಗಾಲದ ನಾಡಿಗೆ ಉಪಕಾರಿಯಾದ ಈ ರಚನೆಯಲ್ಲಿಯೇ ರೋಗಕ್ಕೂ ದಾರಿಯಿತ್ತು.

ನಾರುಹುಣ್ಣಿಗೆ ಕಾರಣವಾದುದು ಎರಡರಿಂದ ಮೂರು ಅಡಿ ಉದ್ದದ, ದಾರದಂತಹ ಒಂದು ಹೆಣ್ಣುಹುಳು. ಅದು ಹತ್ತರಲ್ಲಿ ಒಂಬತ್ತು ಪಾಲು ರೋಗಿಗಳಲ್ಲಿ ಮೊಣಕಾಲಿನ ಕೆಳಗೆ ಬೊಕ್ಕೆಯೆಬ್ಬಿಸಿ ಹೊರಬರುತ್ತದೆ. ಆ ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ನೀರಿಗೆ ಇಳಿಸುತ್ತಾನೆ. ಒಡನೆಯೇ ಹುಳುವು ಅಸಂಖ್ಯಾತ ಮರಿಗಳನ್ನು ನೀರಿಗೆ ಬಿಡುತ್ತದೆ. ಅವನ್ನು ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿಯು ನುಂಗುತ್ತದೆ. ಸುಮಾರು ಎರಡು ವಾರಗಳ ತರುವಾಯ ಆ ನೀರನ್ನು ಸೋಸದೆ ಕುಡಿದವರ ದೇಹದಲ್ಲಿ ಮರಿಯು ಬೆಳೆದು, ಒಂದು ವರ್ಷ ಕಳೆದ ಮೇಲೆ ಮತ್ತೆ ಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಸೈಕ್ಲಾಪ್ಸಿನ ಈ ಪಾತ್ರವನ್ನು ರಷ್ಯದ ವಿದ್ವಾಂಸ ಫೆಡ್‌ಚೆಂಕೊ 1870ರಲ್ಲಿ ಕಂಡುಹಿಡಿದನು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದುಂಟು. ಬಾವಿಗೆ ಕಾಲಿಡುವವನಿಗೆ ಅದರಿಂದ ರೋಗ ತಗಲುವುದಿಲ್ಲ; ಕಾಲು ಕೊಡುತ್ತದೆ, ಬಾಯಿ ಪಡೆಯುತ್ತದೆ. ಕೊಟ್ಟವನಿಗೂ ಪಡೆದವನಿಗೂ ನಡುವೆ ಒಂದು ವರ್ಷದ ಅಂತರ. ಆದುದರಿಂದ ಕಾರಣ ಕಾರ್ಯಗಳ ಸಂಬಂಧವು ಬರಿಯ ಕಣ್ಣಿಗೆ ಗೋಚರಿಸಲಿಲ್ಲ. ಬಾವಿಯ ಬಳಿ ಕಟ್ಟುನಿಟ್ಟುಗಳೇನೂ ಇರಲಿಲ್ಲವೆಂದಲ್ಲ. ಅಸ್ಪೃಶ್ಯರೆಂದು ದೂರವಿಡಲಾದವರಿಗೆ ಊರ ಬಾವಿಯ ಪಾವಟಿಗೆಗಳು ಮುಚ್ಚಿಯೇ ಇದ್ದವು. ಆದರೆ ಹುಟ್ಟನ್ನು ನೋಡಿ ಕಾಲನ್ನು ತಡೆದ ಆ ಮಡಿಯು ಹುಣ್ಣನ್ನು ನೋಡಿ ತಡೆಯಲಿಲ್ಲ. ನೀರು ಕೆಡುತ್ತದೆಂಬ ಭಯವು ಎಲ್ಲಿ ಇರಬೇಕಾಗಿತ್ತೋ ಅಲ್ಲಿ ಇರದೆ, ಎಲ್ಲಿ ಇರಬಾರದಿತ್ತೋ ಅಲ್ಲಿ ನೆಲೆಸಿತ್ತು.

ಈ ಬೇನೆಯಿಂದ ಸಾಯುವವರು ಕಡಿಮೆ, ನಷ್ಟವು ದುಡಿಮೆಯದು. ಬಾವಿ ಬತ್ತುವ ಬೇಸಗೆಯಲ್ಲಿ ಸೇರಿದ ಹುಳುವು ಮರುವರ್ಷದ ಬೇಸಗೆಯಲ್ಲಿ, ಹೊಲ ಹದಮಾಡುವ ಹೊತ್ತಿಗೆ, ರೈತನನ್ನು ಹಾಸಿಗೆಗೆ ಕೆಡವುತ್ತಿತ್ತು. ಇದಕ್ಕೆ ಮದ್ದಾಗಲಿ ಲಸಿಕೆಯಾಗಲಿ ಇಂದಿಗೂ ಇಲ್ಲ. ಹೊರಬಂದ ಹುಳುವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ಎಳೆಯುವುದೊಂದೇ ಉಪಾಯ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇರಲಿಲ್ಲ.

ಭಾರತ ಸರಕಾರವು 1983-84ರಲ್ಲಿ ನಾರುಹುಣ್ಣು ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಾಗ, ಕರ್ನಾಟಕವೂ ಸೇರಿ 7 ರಾಜ್ಯಗಳ 89 ಜಿಲ್ಲೆಗಳಲ್ಲಿ, 12,840 ಹಳ್ಳಿಗಳಲ್ಲಿ, ಸುಮಾರು 40 ಸಾವಿರ ರೋಗಿಗಳಿದ್ದರು. ಕೈಗೊಂಡ ಕ್ರಮಗಳು ಸರಳವಾದವು: ಪಾವಟಿಗೆ ಬಾವಿಗಳನ್ನು ಕಟ್ಟೆ ಕಟ್ಟಿ ಸೇದುಬಾವಿಗಳಾಗಿ ಮಾರ್ಪಡಿಸುವುದು, ಕೊಳವೆಬಾವಿ ಕೊರೆದು ಕೈಪಂಪು ಕೂಡಿಸುವುದು, ನೀರನ್ನು ಬಟ್ಟೆಯಲ್ಲಿ ಸೋಸುವುದು, ಸೈಕ್ಲಾಪ್ಸನ್ನು ಕೊಲ್ಲುವ ಟೆಮಿಫಾಸ್ ಔಷಧವನ್ನು ಬಾವಿಗೆ ಹಾಕುವುದು, ಹುಣ್ಣಾದವರು ನೀರಿಗಿಳಿಯದಂತೆ ನೋಡಿಕೊಳ್ಳುವುದು. ದೇಶದ ಕೊನೆಯ ರೋಗಿಯು 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು.

ಇದರಿಂದ ಒಂದು ಐತಿಹಾಸಿಕ ನಿರ್ಣಯಕ್ಕೆ ಬರಬಹುದು. ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಬಿದ್ದುದು 1964ರಲ್ಲಿ. ಅಲ್ಲಿಯ ಅಣೆಕಟ್ಟು ಪೂರ್ಣಗೊಂಡುದು 21ನೆಯ ಶತಮಾನದ ಆರಂಭದಲ್ಲಿ. ಅಷ್ಟರೊಳಗೆ ನಾರುಹುಣ್ಣು ಮಾಯವಾಗಿತ್ತು. ಈ ಸೀಮೆಯನ್ನು ಅದರಿಂದ ಬಿಡಿಸಿದುದು ಮಹಾ ಜಲಾಶಯವಲ್ಲ. ಬಾವಿಗೆ ಕಟ್ಟಿದ ಕಟ್ಟೆ, ಕೊಡದ ಬಾಯಿಗೆ ಕಟ್ಟಿದ ಬಟ್ಟೆ, ಮನೆಮನೆಗೆ ತಲುಪಿದ ತಿಳಿವಳಿಕೆ.

ಇಂದು ನಮ್ಮ ವಿದ್ಯಾರ್ಥಿಗಳು ಈಜುಗೊಳಗಳಲ್ಲಿ ಕಾಣುವ ಕಾಲಿನ ಬೇನೆ ಬೇರೆ ಬಗೆಯದು. ಬೆರಳ ಸಂದಿಯಲ್ಲಿ ತುರಿಕೆ, ಬಿರುಕುಗಳನ್ನು ಉಂಟುಮಾಡುವ ಅದು ಶಿಲೀಂಧ್ರದಿಂದ ಬರುತ್ತದೆ; ರೋಗಿಯ ಪಾದದಿಂದ ಉದುರಿದ ಚರ್ಮದ ಕಣಗಳ ಮೂಲಕ ಒದ್ದೆ ನೆಲದಿಂದ ಬರಿಗಾಲಿಗೆ ತಗಲುತ್ತದೆ. ಗೊಳದ ನೀರಿಗೆ ಕ್ಲೋರಿನ್ ಬೆರೆಸಿದ ಮಾತ್ರಕ್ಕೆ ದಂಡೆಯ ನೆಲವೂ ಸ್ನಾನಗೃಹವೂ ಶುದ್ಧವಾಗುವುದಿಲ್ಲ. ಅಲ್ಲಿ ಚಪ್ಪಲಿ ಮೆಟ್ಟುವುದು, ಬೆರಳ ಸಂದಿಗಳನ್ನು ಒಣಗಿಸುವುದು, ಪರರ ಟವೆಲನ್ನು ಬಳಸದಿರುವುದು ಪ್ರತಿಯೊಬ್ಬರ ರಕ್ಷಣೆಗೆ ಸಾಕಷ್ಟು ನೆರವಾಗುತ್ತವೆ. ಆದರೆ ಪಾವಟಿಗೆ ಬಾವಿಯ ಚರಿತ್ರೆಯು ಇನ್ನೊಂದು ಮಾತನ್ನು ಸೇರಿಸುತ್ತದೆ. ಬೇನೆಯಿದ್ದವನು ಗುಣವಾಗುವ ತನಕ ಹಿಂದೆ ಸರಿಯಬೇಕು. ಗೊಳವನ್ನು ನಡೆಸುವವರು ನೆಲವನ್ನು ತೊಳೆದು ಒಣಗಿಸಬೇಕು. ಸಾರ್ವಜನಿಕ ನೀರಿನ ಶುದ್ಧಿಯು ಇಳಿಯುವವನ ಕುಲವನ್ನು ಕೇಳುವುದಿಲ್ಲ, ಅವನ ಪಾದವನ್ನು ಮಾತ್ರ ಕೇಳುತ್ತದೆ.