ಮಿಡತೆಯ ಪಂಚಾಂಗ

ಇಂದು ಕಟ್ಟಡಗಳಿಂದ ತುಂಬಿರುವ ಬೊಮ್ಮನಹಳ್ಳಿಯಲ್ಲಿ ಹಿಂದೆ ರಾಗಿ ಹೊಲಗಳಿದ್ದವು. ಅಲ್ಲಿ ಯಾವ ತಿಂಗಳು ಯಾವ ಹುಳು ಬರುತ್ತಿತ್ತು? ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ತಿಳಿದೀತು. ಹಾಗೆ ಬರೆದಿಡುವುದರಿಂದ ಏನು ಪ್ರಯೋಜನ? ಮೈಸೂರು ಸಂಸ್ಥಾನದ ಉದಾಹರಣೆಯೊಂದನ್ನು ನೋಡಿ.

1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಸಂಸ್ಥಾನದ ಕೀಟತಜ್ಞರಾಗಿ ಬಂದರು. ಜೋಳದ ಬೆಳೆಯನ್ನು ರೆಕ್ಕೆಯಿಲ್ಲದ ಮಿಡತೆಯೊಂದು ಮೇಯುತ್ತಿತ್ತು. ಅದನ್ನು ಅಭ್ಯಸಿಸಿ ಅವರು 1911ರಲ್ಲಿ ವರದಿ ಪ್ರಕಟಿಸಿದರು. ಈ ಮಿಡತೆಗೆ ವರ್ಷಕ್ಕೆ ಒಂದೇ ಪೀಳಿಗೆ. ಮುಂಗಾರು ಮಳೆ ಬಿದ್ದಾಗ ಮರಿಗಳು ಮಣ್ಣಿನಿಂದ ಹೊರಬರುತ್ತವೆ. ಮಳೆಗಾಲದುದ್ದಕ್ಕೂ ತಿಂದು ಬೆಳೆಯುತ್ತವೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ಬೇಸಿಗೆಯಿಡೀ ಮೊಟ್ಟೆಗಳು ನೆಲದಡಿಯಲ್ಲೇ ಉಳಿಯುತ್ತವೆ.

ಪರಿಹಾರವೂ ಈ ಪಂಚಾಂಗದಲ್ಲೇ ಇದೆ. ಕೊಯ್ಲಿನ ನಂತರ ಆಳವಾಗಿ ಉತ್ತರೆ ಮೊಟ್ಟೆಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಈಡಾಗುತ್ತವೆ. ಹಾರಲಾರದ ಮರಿಗಳನ್ನು ಬಲೆಯಲ್ಲಿ ಹಿಡಿಯಬಹುದು. ವಿಷವಿಲ್ಲದೆ ಬೆಳೆ ಉಳಿಸುವ ದಾರಿ ಇದು. ಆ ಮಿಡತೆಯ ಕುಲಕ್ಕೆ ಇಂದಿಗೂ ಕೋಲ್ಮನ್ನರ ನೆನಪಿನ ‘ಕೋಲ್ಮೇನಿಯಾ’ ಎಂಬ ಹೆಸರಿದೆ.

ಹೊಲವಿಲ್ಲವೆಂದು ಕೈಚೆಲ್ಲಬೇಡಿ. ಶಾಲೆಯ ತೋಟವಿರಲಿ, ಮಹಡಿಯ ಹೂಕುಂಡವಿರಲಿ, ಒಂದು ನೋಟ್‌ಬುಕ್ ತೆರೆಯಿರಿ. ತಾರೀಖು, ಗಿಡ, ಹುಳು, ಮಳೆ: ನಾಲ್ಕೇ ಕಲಂ ಸಾಕು. ಒಂದು ವರ್ಷ ಬಿಡದೆ ತುಂಬಿಸಿ. ಹುಳುಗಳೂ ಋತುಮಾನ ಅನುಸರಿಸುವುದು ನಿಮಗೇ ಕಾಣುತ್ತದೆ.