ಬೇಡಿಕೆಗಿಂತ ಒಂದು ಕಡಿಮೆ

1987ರ ಜುಲೈ 21. ಉತ್ತರ ಇಟಲಿಯ ಮರನೆಲ್ಲೊ ಎಂಬ ಪುಟ್ಟ ಊರಿನಲ್ಲಿ ಪತ್ರಕರ್ತರ ಮುಂದೆ ಒಂದು ಕೆಂಪು ಕಾರಿನ ಹೊದಿಕೆ ಸರಿಸಲಾಯಿತು. ಎದುರಿಗೆ ಕೂತಿದ್ದ ಎಂಜೊ ಫೆರಾರಿಯವರಿಗೆ ಆಗ 89 ವರ್ಷ. ಅವರ ಹೆಸರು ಹೊತ್ತ ಮೊದಲ ಕಾರು 1947ರಲ್ಲಿ ಅದೇ ಊರಿನ ಕಾರ್ಖಾನೆಯಿಂದ ಹೊರಬಿದ್ದಿತ್ತು. ನಲವತ್ತು ವರ್ಷ ತುಂಬಿದ ನೆನಪಿಗೆ ಹೊಸ ಕಾರಿಗೆ ಎಫ್40 ಎಂದೇ ಹೆಸರಿಟ್ಟಿದ್ದರು. ಒಳಗೆ ನೆಲಹಾಸು ಇಲ್ಲ, ರೇಡಿಯೊ ಇಲ್ಲ. ಬಾಗಿಲು ತೆರೆಯಲು ಹಿಡಿಕೆಯ ಬದಲು ಒಂದು ತಂತಿ. ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗ. ಅಮೆರಿಕದಲ್ಲಿ ಬೆಲೆ ಸುಮಾರು 4 ಲಕ್ಷ ಡಾಲರ್. ಮಾಡುವುದು ಸುಮಾರು 400 ಕಾರು ಎಂಬುದು ಆರಂಭದ ಲೆಕ್ಕ.

ಮಾರನೆಯ ವರ್ಷ ಆಗಸ್ಟ್ 14ರಂದು ಎಂಜೊ ತೀರಿಕೊಂಡರು. ಅವರು ಬದುಕಿದ್ದಾಗ ಒಪ್ಪಿಗೆ ಪಡೆದ ಕೊನೆಯ ಕಾರು ಎಂಬ ಪಟ್ಟ ಎಫ್40ಗೆ ದಕ್ಕಿತು. ಹಳೆಯ ಕಾರುಗಳನ್ನು ಚಿತ್ರಕಲೆಯಂತೆ ಕೊಂಡಿಟ್ಟು ಮಾರುವ ಹುಚ್ಚು ಶ್ರೀಮಂತ ದೇಶಗಳಲ್ಲಿ ಏರುತ್ತಿದ್ದ ಕಾಲವದು. ಸರದಿಯಲ್ಲಿ ಹೆಸರು ಬರೆಸಿದವರು ಕಾರು ಕೈಗೆ ಬಂದ ಕೂಡಲೇ ಪಟ್ಟಿ ಬೆಲೆಯ ಎರಡು ಮೂರು ಪಟ್ಟಿಗೆ ಅದನ್ನು ದಾಟಿಸತೊಡಗಿದರು. ಮೊದಲ ದಿನದ ಮೊದಲ ಆಟಕ್ಕೆ ಟಿಕೆಟ್ ಬ್ಲ್ಯಾಕ್‌ನಲ್ಲಿ ಮಾರುವುದನ್ನು ಕಂಡವರಿಗೆ ಈ ವ್ಯವಹಾರವನ್ನು ಬಿಡಿಸಿ ಹೇಳಬೇಕಿಲ್ಲ. ಸಿನಿಮಾ ಮಾಡಿದವನಿಗೆ ಕೌಂಟರಿನ ದುಡ್ಡಷ್ಟೇ ಸೇರುತ್ತದೆ, ಮೇಲಿನದು ಗೇಟಿನ ಹೊರಗೆ ನಿಂತವನ ಪಾಲು.

ಆ ಮೇಲಿನ ದುಡ್ಡು ಯಾರಿಗೆ ಸೇರಬೇಕು? ವಾರ್ಷಿಕೋತ್ಸವದ ಕಾರುಗಳ ಮುಂದಿನ ಮೂರೂವರೆ ದಶಕದ ಇತಿಹಾಸವನ್ನು ಈ ಪ್ರಶ್ನೆಯ ಸುತ್ತ ಓದಬಹುದು.

ಫೆರಾರಿ ಮೊದಲು ಕಂಡುಕೊಂಡ ಉತ್ತರ ಸರಳವಾಗಿತ್ತು. ಕೇಳುವವರಿದ್ದಾರೆ, ಇನ್ನಷ್ಟು ಮಾಡೋಣ. 1969ರಿಂದಲೇ ಅರ್ಧ ಪಾಲು ಹೊಂದಿದ್ದ ಫಿಯಟ್, ಎಂಜೊ ನಿಧನದ ನಂತರ ತನ್ನ ಪಾಲನ್ನು ಶೇ 90ಕ್ಕೆ ಏರಿಸಿಕೊಂಡಿತ್ತು. ಎಫ್40ರ ತಯಾರಿಕೆ 1992ರವರೆಗೂ ನಡೆಯಿತು. ನಾನೂರು ಎಂದುಕೊಂಡಿದ್ದ ಸಂಖ್ಯೆ 1,300 ದಾಟಿತು. ಅಷ್ಟರಲ್ಲಿ ಗಾಳಿ ತಿರುಗಿತ್ತು. 1990ರಿಂದಾಚೆಗೆ ಆರ್ಥಿಕ ಹಿಂಜರಿತ ಬಂದು, ಸಂಗ್ರಾಹಕರ ಕಾರುಗಳ ಬೆಲೆ ಕುಸಿಯಿತು. ಲಾಭಕ್ಕೆಂದೇ ಎಫ್40 ಕೊಂಡವರು ಪಟ್ಟಿ ಬೆಲೆಗಿಂತ ಕಡಿಮೆಗೆ ಮಾರಬೇಕಾಯಿತು.

ಇದೇ ಕುಸಿತ ಇಂಗ್ಲೆಂಡಿನಲ್ಲಿ ಜಾಗ್ವಾರ್ ಕಂಪನಿಯನ್ನೂ ತಟ್ಟಿತು. ಅದರ ಎಕ್ಸ್‌ಜೆ220 ಕಾರಿಗೆ ಜನ ತಲಾ 50,000 ಪೌಂಡ್ ಮುಂಗಡ ಕೊಟ್ಟಿದ್ದರು. ಕಾರು ಸಿದ್ಧವಾಗುವ ಹೊತ್ತಿಗೆ ಬೆಲೆ 4 ಲಕ್ಷ ಪೌಂಡ್ ದಾಟಿತ್ತು, ಮಾರುಕಟ್ಟೆ ಬಿದ್ದಿತ್ತು. ಮುಂಗಡ ಕೊಟ್ಟವರಲ್ಲಿ ಹಲವರು ಕೊಳ್ಳುವ ಕರಾರಿನಿಂದ ಬಿಡಿಸಿಕೊಳ್ಳಲು ಕೋರ್ಟಿಗೆ ಹೋದರು. 350 ಎಂದು ಹೊರಟ ಕಾರುಗಳ ಸಂಖ್ಯೆ 300ನ್ನೂ ಮುಟ್ಟಲಿಲ್ಲ.

1991ರ ಕೊನೆಯಲ್ಲಿ ಫೆರಾರಿಯ ಅಧ್ಯಕ್ಷರಾಗಿ ಬಂದ ಲೂಕಾ ಡಿ ಮೊಂಟೆಜೆಮೊಲೊ ಎದುರಿಗಿದ್ದದ್ದು ಈ ಸ್ಥಿತಿ. ಕೆಲವೇ ವರ್ಷಗಳಲ್ಲಿ ಕಂಪನಿಯ ಮಾರಾಟ ಸುಮಾರು ಅರ್ಧಕ್ಕೆ ಇಳಿಯಿತು. ಬೇಡಿಕೆಗಿಂತ ಒಂದು ಕಾರು ಕಡಿಮೆ ಮಾಡಬೇಕು ಎಂಬ ಮಾತನ್ನು ಎಂಜೊ ಅವರದೆಂದು ಹೇಳುವುದುಂಟು. ಎಫ್40ರಲ್ಲಿ ಪಾಲಿಸದೆ ಹೋದ ಆ ಮಾತನ್ನು 1995ರಲ್ಲಿ ಕಂಪನಿ ಅಕ್ಷರಶಃ ಪಾಲಿಸಿತು. ಐವತ್ತನೆಯ ವರ್ಷದ ನೆನಪಿಗೆ, ಎರಡು ವರ್ಷ ಮೊದಲೇ ಜಿನೀವಾದಲ್ಲಿ ತೋರಿಸಿದ ಕಾರು ಎಫ್50. ಮುನ್ನೂರೈವತ್ತು ಮಾರಬಹುದು ಎಂಬ ಅಂದಾಜು ಇಟ್ಟುಕೊಂಡು ಮಾಡಿದ್ದು 349. ಅಮೆರಿಕದ ಗಿರಾಕಿಗಳಿಗೆ ಇನ್ನೊಂದು ಷರತ್ತೂ ಇತ್ತು. ಮೊದಲ ಎರಡು ವರ್ಷ ಕಾರು ಅವರಿಗೆ ಲೀಸಿನ ಮೇಲೆ ಮಾತ್ರ. ತಮ್ಮದಲ್ಲದ ಕಾರನ್ನು ಅವರು ಮಾರುವುದಾದರೂ ಹೇಗೆ?

ಬ್ಲ್ಯಾಕ್ ಟಿಕೆಟಿನವನನ್ನು ತಡೆಯುವುದು ಮೊದಲ ಹೆಜ್ಜೆ. ಯಾರಿಗೆ ಟಿಕೆಟ್ ಕೊಡಬೇಕೆಂದು ತಾನೇ ಆರಿಸುವುದು ಎರಡನೆಯದು. 2002ರಲ್ಲಿ ಎಂಜೊ ಹೆಸರಿನದೇ ಕಾರು ಬಂದಾಗ ಎಫ್40, ಎಫ್50 ಇಟ್ಟುಕೊಂಡಿದ್ದವರಿಗೆ ಮೊದಲ ಮಣೆ. 349 ಎಂದಿದ್ದದ್ದು 399 ಆಯಿತು. ನಾನೂರನೆಯದನ್ನು ಪೋಪ್ ಎರಡನೆಯ ಜಾನ್ ಪಾಲ್ ಅವರಿಗೆ ಅರ್ಪಿಸಲಾಯಿತು. 2005ರಲ್ಲಿ ಅದು ಹರಾಜಾಗಿ, ಹಣ ಸುನಾಮಿ ಸಂತ್ರಸ್ತರಿಗೆ ಹೋಯಿತು. 2013ರ ಲಾಫೆರಾರಿಗೂ ಆಯ್ದ ಹಳೆಯ ಗಿರಾಕಿಗಳಿಗೇ ಆಹ್ವಾನ. ಎಪ್ಪತ್ತನೆಯ ವರ್ಷಕ್ಕೆ ಬಂದ ಅದರ ತೆರೆದ ಮಾಡಿನ ರೂಪ ಅಪೆರ್ಟಾವಂತೂ 2016ರಲ್ಲಿ ಜನರೆದುರು ಬರುವ ಮೊದಲೇ ಮಾರಾಟವಾಗಿತ್ತು.

ಇಲ್ಲಿ ಲಾಭ ಆ ಒಂದು ಕಾರಿನದಷ್ಟೇ ಅಲ್ಲ. ಹೊಸ ಎಂಜಿನ್, ಕಾರ್ಬನ್ ಫೈಬರ್ ಒಡಲು, ಪರೀಕ್ಷೆಗಳಿಗೆ ತಗಲುವ ಖರ್ಚನ್ನು ಕೆಲವೇ ನೂರು ಕಾರುಗಳ ಮೇಲೆ ಹಂಚಬೇಕು. ಆದರೆ ಅಲ್ಲಿ ಕಲಿತದ್ದು ಮುಂದೆ ಕಂಪನಿಯ ಉಳಿದ ಕಾರುಗಳಿಗೂ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸರದಿ. ಆಹ್ವಾನ ಬೇಕೆಂದವನು ಅದಕ್ಕೂ ಮೊದಲು ಒಳ್ಳೆಯ ಗಿರಾಕಿ ಎನಿಸಿಕೊಳ್ಳಬೇಕು, ಎಂದರೆ ಮಾಮೂಲಿ ಫೆರಾರಿಗಳನ್ನು ಮತ್ತೆ ಮತ್ತೆ ಕೊಳ್ಳಬೇಕು. ಸಿಗದ ಕಾರೊಂದು ಸಿಗುವ ಕಾರುಗಳನ್ನು ಮಾರಿಸುತ್ತದೆ.

2015ರ ಅಕ್ಟೋಬರಿನಲ್ಲಿ ಫೆರಾರಿ ನ್ಯೂಯಾರ್ಕ್ ಷೇರುಪೇಟೆಗೆ ಬಂದಾಗ ಹೂಡಿಕೆದಾರರ ಮುಂದೆ ಇಟ್ಟ ಬಂಡವಾಳಗಳಲ್ಲಿ ಈ ಕೊರತೆಯೂ ಒಂದು. ಆ ವರ್ಷ ಅದು ಮಾರಿದ್ದು 8,000ಕ್ಕಿಂತ ಕಡಿಮೆ ಕಾರು. 2023ರಲ್ಲಿ 13,663. ಆ ವರ್ಷ ಪ್ರತಿ 100 ಯೂರೋ ಆದಾಯದಲ್ಲಿ ಸುಮಾರು 27 ಯೂರೋ ಕಾರ್ಯಾಚರಣೆಯ ಲಾಭವಾಗಿ ಉಳಿಯಿತು. ಸಾಮಾನ್ಯ ಕಾರು ಕಂಪನಿಗೆ ಅದರಲ್ಲಿ 10 ಉಳಿದರೂ ಒಳ್ಳೆಯ ವರ್ಷವೇ.

ಮೂರನೆಯ ಹೆಜ್ಜೆ ಕೌಂಟರಿನ ಬೆಲೆಯನ್ನೇ ಬ್ಲ್ಯಾಕ್ ಬೆಲೆಯ ಹತ್ತಿರಕ್ಕೆ ಒಯ್ಯುವುದು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಎಫ್80, ಬರಲಿರುವ ಎಂಬತ್ತನೆಯ ವರ್ಷದ ಕಾರು. ಇಟಲಿಯಲ್ಲಿ ಬೆಲೆ 36 ಲಕ್ಷ ಯೂರೋ, ಸಂಖ್ಯೆ 799. ಗುಣಿಸಿದರೆ ಸುಮಾರು 288 ಕೋಟಿ ಯೂರೋ. ಕಂಪನಿಯ 2023ರ ಇಡೀ ಆದಾಯ 597 ಕೋಟಿ. ವರ್ಷದ ಆದಾಯದ ಹೆಚ್ಚುಕಡಿಮೆ ಅರ್ಧದಷ್ಟು ಹಣ, ಎರಡು ಮೂರು ವರ್ಷಗಳಲ್ಲಿ ಹರಡಿಕೊಂಡು, ಒಂದೇ ಮಾದರಿಯಿಂದ. ಎಫ್50ರ ದುಪ್ಪಟ್ಟಿಗೂ ಹೆಚ್ಚು ಕಾರುಗಳನ್ನು ಮಾಡಿಯೂ ಅವನ್ನು ಅಪರೂಪದವು ಎಂದು ಮಾರಬಹುದಾದರೆ, ಜಗತ್ತಿನಲ್ಲಿ ಅಷ್ಟು ಹಣವುಳ್ಳವರ ಸಂಖ್ಯೆಯೂ ಬೆಳೆದಿದೆ ಎಂದೇ ಅರ್ಥ.

ಈ ಲೆಕ್ಕಕ್ಕೆ ಒಗ್ಗದೆ ಉಳಿದದ್ದು ಮೊದಲಿನ ಕಾರೇ. ಮಾತಿಗಿಂತ ಮೂರು ಪಟ್ಟು ಹೆಚ್ಚು ತಯಾರಾದ ಎಫ್40, ಈ ಸಾಲಿನ ಎಲ್ಲ ಕಾರುಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿರುವ ಕಾರು. ಸಂಖ್ಯೆಯೇ ಬೆಲೆ ಕಟ್ಟುವುದಾದರೆ ಅದು ಅಗ್ಗವಾಗಿರಬೇಕಿತ್ತು. ಇತ್ತೀಚಿನ ಹರಾಜುಗಳಲ್ಲಿ ಚೆನ್ನಾಗಿ ಉಳಿದಿರುವ ಒಂದೊಂದಕ್ಕೂ 20 ಲಕ್ಷ ಡಾಲರ್ ದಾಟಿದೆ. ಆ ಮುದುಕನ ಕೊನೆಯ ಕಾರು ಎಂಬುದನ್ನು ಯಾವ ಕಾರ್ಖಾನೆಯೂ ಎರಡನೆಯ ಸಲ ತಯಾರಿಸಲಾರದು.

ಆ ಹರಾಜಿನ ಹಣದಲ್ಲಿ ಮರನೆಲ್ಲೊಗೆ ಪಾಲಿಲ್ಲ. ಆದರೆ ಹಳೆಯ ಫೆರಾರಿಯ ಎಂಜಿನ್, ಗೇರ್‌ಬಾಕ್ಸ್, ಚಾಸಿಗಳು ಮೂಲದವೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವಿಭಾಗವೊಂದನ್ನು ಕಂಪನಿ 2006ರಿಂದ ನಡೆಸುತ್ತಿದೆ. ಮಾರುವವರು ಆ ಪತ್ರವನ್ನು ಕಾರಿನ ಜೊತೆಗೇ ತೋರಿಸುತ್ತಾರೆ. ಅದಕ್ಕೆ ಶುಲ್ಕವುಂಟು.