ಚಿತ್ರಪುಸ್ತಕದ ವಿಕಟಕವಿ, ಕಾವ್ಯದ ರಾಮಕೃಷ್ಣ

ಹಾಲಿನ ಬಟ್ಟಲು ಕಂಡೊಡನೆ ಓಟ ಕೀಳುವ ಬೆಕ್ಕು. ಪಕ್ಕದಲ್ಲಿ ಜುಟ್ಟು ಬಿಟ್ಟುಕೊಂಡು ಮುಗುಳ್ನಗುವ ತೆನಾಲಿ ರಾಮಕೃಷ್ಣ. ಈ ಚಿತ್ರ ನೋಡದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಬಿಸಿಹಾಲಿಗೆ ಒಮ್ಮೆ ಬಾಯಿ ಸುಟ್ಟುಕೊಂಡ ಆ ಬೆಕ್ಕಿನ ಕಥೆ ನಡೆಯುವುದು ಕೃಷ್ಣದೇವರಾಯನ (1509–1529) ರಾಜಧಾನಿಯಲ್ಲಿ. ಅಂದರೆ ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಹಂಪಿಯಲ್ಲಿ. ಈ ವಿಕಟಕವಿ ನಿಜಕ್ಕೂ ಇದ್ದನೇ?

ಇದ್ದ, ಆದರೆ ಆತನ ಕೃತಿಗಳಲ್ಲಿ ಕಾಣುವುದು ವಿದೂಷಕನಲ್ಲ, ಪ್ರೌಢ ತೆಲುಗು ಕವಿ. ಮೊದಲ ಕೃತಿ ‘ಉದ್ಭಟಾರಾಧ್ಯ ಚರಿತ್ರಮು’ ಶೈವ ಕಾವ್ಯ. ಅದರಲ್ಲಿ ಕವಿಯ ಹೆಸರು ರಾಮಲಿಂಗ. ಮುಂದೆ ರಾಮಕೃಷ್ಣನಾಗಿ ಬರೆದ ‘ಪಾಂಡುರಂಗ ಮಾಹಾತ್ಮ್ಯಮು’ ಪಂಢರಪುರದ ವಿಠ್ಠಲನ ಕ್ಷೇತ್ರಮಹಿಮೆ. ತೆಲುಗರು ಇದನ್ನು ತಮ್ಮ ಶ್ರೇಷ್ಠ ಕಾವ್ಯಗಳಲ್ಲಿ ಎಣಿಸುತ್ತಾರೆ. ಕುತೂಹಲದ ಸಂಗತಿಯೆಂದರೆ, ಇವೆರಡರಲ್ಲಿ ಯಾವುದನ್ನೂ ಕವಿ ಕೃಷ್ಣದೇವರಾಯನಿಗೆ ಅರ್ಪಿಸಿಲ್ಲ. ಆತನನ್ನು ರಾಯನ ಅಷ್ಟದಿಗ್ಗಜರಲ್ಲಿ ಒಬ್ಬನೆನ್ನುವುದು ಪರಂಪರೆ. ರಾಯನ ನಂತರದವನೆನ್ನುವ ವಿದ್ವಾಂಸರೂ ಇದ್ದಾರೆ.

ಹಾಗಾದರೆ ನಗೆಯ ಕಥೆಗಳು ಈತನಿಗೇ ಏಕೆ ಅಂಟಿಕೊಂಡವು? ಉತ್ತರದ ಎಳೆ ‘ಪಾಂಡುರಂಗ ಮಾಹಾತ್ಮ್ಯ’ದಲ್ಲೇ ಇದೆ. ಅಲ್ಲಿ ಬರುವ ನಿಗಮಶರ್ಮ ದಾರಿ ತಪ್ಪಿದ ಮಗ. ಬುದ್ಧಿ ಹೇಳಲು ಅಕ್ಕ ಗಂಡ, ಮಕ್ಕಳೊಡನೆ ತವರಿಗೆ ಬರುತ್ತಾಳೆ. ತಮ್ಮ ಒಳ್ಳೆಯವನಂತೆ ನಟಿಸಿ, ಒಂದು ರಾತ್ರಿ ಮನೆಯ ಒಡವೆಗಳನ್ನೆಲ್ಲ ದೋಚಿ ಪರಾರಿಯಾಗುತ್ತಾನೆ. ಅಕ್ಕನಿಗೆ ಆಗ ಹೊಸದಾಗಿ ಮಾಡಿಸಿದ್ದ ಮೂಗುತಿಯದೇ ಚಿಂತೆ! ಕಾವ್ಯದಲ್ಲಿ ಈ ಅಕ್ಕನಿಗೆ ಹೆಸರೇ ಇಲ್ಲ. ಆದರೂ ತೆಲುಗು ಓದುಗರು ಅವಳನ್ನು ಮರೆತಿಲ್ಲ. ಹೀಗೆ ನಗಬಲ್ಲ ಕವಿಯ ಸುತ್ತ ಜನ ಚತುರೋಕ್ತಿಗಳನ್ನು ಹೆಣೆದದ್ದು ಸಹಜ. ಅವುಗಳಲ್ಲಿ ಕೆಲವು ಉತ್ತರದಲ್ಲಿ ಬೀರಬಲ್ಲನ ಹೆಸರಿನಲ್ಲೂ ಪ್ರಚಲಿತ.

ಬಾಯಿಂದ ಬಾಯಿಗೆ ಬಂದ ಕಥೆಗಳಿಗೆ ರೂಪ ಕೊಟ್ಟಿದ್ದು ಅಚ್ಚಿನ ಮನೆ. ‘ಚಂದಮಾಮ’, ‘ಅಮರ ಚಿತ್ರಕಥೆ’ಗಳ ಕಾಲದಲ್ಲಿ ರಾಮಕೃಷ್ಣ ಮಕ್ಕಳಿಗೆ ಮುಖಪರಿಚಿತನಾದ. 1982ರಲ್ಲಿ ತೆರೆಕಂಡ ‘ಹಾಸ್ಯರತ್ನ ರಾಮಕೃಷ್ಣ’ ಚಿತ್ರದಲ್ಲಿ ಅನಂತನಾಗ್ ಆತನಾಗಿ ನಟಿಸಿದರು. ನಗೆಗಾರ ಬೆಳೆದಷ್ಟೂ ಕವಿ ಮರೆಯಾದ.

ತುಂಗಭದ್ರಾ ಅಣೆಕಟ್ಟೆಯ ನೀರು ಹರಿದ ಮೇಲೆ ಗಂಗಾವತಿ ಸೀಮೆಗೆ ಆಂಧ್ರದ ರೈತರು ಬಂದು ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಅಲ್ಲಿನ ಮಕ್ಕಳಿಗೆ ರಾಮಕೃಷ್ಣ ಎರಡೂ ಕಡೆಯ ನೆಂಟ. ‘ವಿಕಟಕವಿ’ ಎಂಬ ಪದವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಆದರೆ ಆ ಬಿರುದು ಹೊತ್ತವನನ್ನು ಒಂದೇ ಕಡೆಯಿಂದ ಓದಿದರೆ ಅರ್ಧ ಮಾತ್ರ ಸಿಗುತ್ತಾನೆ.